ಗೋಡೆಯಳತೆಯ ಒಂದೇ ಸ್ಲೈಡು

ವೈಜ್ಞಾನಿಕ ಸಮ್ಮೇಳನಗಳ ಸಭಾಂಗಣದ ಹೊರಗೆ, ವೈದ್ಯಕೀಯ ಕಾಲೇಜುಗಳ ವಿಚಾರ ಸಂಕಿರಣಗಳಲ್ಲಿ, ಬೆಂಗಳೂರಿನ ಜಿಕೆವಿಕೆ ಹಾಗೂ ಧಾರವಾಡದ ಕೃಷಿ ಮೇಳಗಳ ಮಳಿಗೆಗಳಲ್ಲಿ ಸಾಲಾಗಿ ನಿಲ್ಲುವ, ಒಂದು ಮೀಟರಿಗೂ ಮಿಗಿಲಾದ ಎತ್ತರದ ಪೋಸ್ಟರ್‌ಗಳಲ್ಲಿ ಅನೇಕವು ಮುದ್ರಣಕ್ಕೆಂದೇ ರೂಪುಗೊಂಡ ವಿನ್ಯಾಸ ತಂತ್ರಾಂಶಗಳಲ್ಲಿ ಸಿದ್ಧವಾದವಲ್ಲ. ತರಗತಿಯಲ್ಲಿ ಪಾಠ ಹೇಳುವಾಗ, ಸಭೆಯಲ್ಲಿ ವರದಿ ಒಪ್ಪಿಸುವಾಗ ಬಳಕೆಯಾಗುವ ಪವರ್‌ಪಾಯಿಂಟ್‌ನಲ್ಲೋ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲೋ ಒಂದೇ ಒಂದು ಸ್ಲೈಡನ್ನು ಗೋಡೆಯಳತೆಗೆ ಹಿಗ್ಗಿಸಿ, ಅದರೊಳಗೆ ಶೀರ್ಷಿಕೆ, ಪಠ್ಯ, ನಕ್ಷೆ, ಛಾಯಾಚಿತ್ರಗಳನ್ನು ಜೋಡಿಸಿ ಮುದ್ರಣಕ್ಕೆ ಕಳುಹಿಸುವುದು ಸಂಶೋಧಕರಲ್ಲಿ ರೂಢಿಯಾಗಿಬಿಟ್ಟಿದೆ. ವೃತ್ತಿನಿರತ ವಿನ್ಯಾಸಕಾರರು ಇದಕ್ಕೆ ಮೂಗು ಮುರಿಯುತ್ತಾರೆ. ಆದರೆ ಇಂಥ ಪೋಸ್ಟರ್‌ಗಳಲ್ಲಿ ಕಾಣುವ ದೋಷಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅವುಗಳಲ್ಲಿ ಹೆಚ್ಚಿನವು ಪರದೆಗಾಗಿ ರೂಢಿಸಿಕೊಂಡ ಅಭ್ಯಾಸಗಳನ್ನು ಕಾಗದದ ಮೇಲೂ ಮುಂದುವರಿಸಿದ್ದರಿಂದ ಹುಟ್ಟಿದವು ಎಂಬುದು ತಿಳಿಯುತ್ತದೆ; ತಂತ್ರಾಂಶದ ಪಾಲು ಅದರಲ್ಲಿ ಕಡಿಮೆಯೇ.

ವಾಸ್ತವವಾಗಿ ಪವರ್‌ಪಾಯಿಂಟ್ ಹುಟ್ಟಿದ್ದೇ ಮುದ್ರಣದ ಸಾಧನವಾಗಿ. ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಅವರ ಕಲ್ಪನೆಯಂತೆ, ಡೆನ್ನಿಸ್ ಆಸ್ಟಿನ್ ಮತ್ತು ಥಾಮಸ್ ರಡ್ಕಿನ್ ಬರೆದ ಈ ತಂತ್ರಾಂಶ 1987ರಲ್ಲಿ ಆ್ಯಪಲ್‌ನ ಮ್ಯಾಕಿಂಟಾಷ್ ಗಣಕಕ್ಕಾಗಿ ಕಪ್ಪು-ಬಿಳುಪಿನಲ್ಲಿ ಹೊರಬಂದಾಗ, ಅದರ ಕೆಲಸ ಓವರ್‌ಹೆಡ್ ಪ್ರೊಜೆಕ್ಟರ್‌ಗೆ ಬೇಕಾದ ಪಾರದರ್ಶಕ ಹಾಳೆಗಳನ್ನು ಲೇಸರ್ ಮುದ್ರಕದಲ್ಲಿ ತೆಗೆಯುವುದಾಗಿತ್ತು. ಅದೇ ವರ್ಷ ಮೈಕ್ರೊಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡಿತು. 1988ರ ಎರಡನೆಯ ಆವೃತ್ತಿಗೆ ಬಣ್ಣ ಬಂದಾಗ, ಕಡತಗಳನ್ನು ಪಡೆದು 35 ಮಿ.ಮೀ. ಫಿಲ್ಮ್ ಸ್ಲೈಡುಗಳನ್ನಾಗಿ ಮಾಡಿಕೊಡುವ ವ್ಯವಸ್ಥೆಯನ್ನು ಜೆನಿಗ್ರಾಫಿಕ್ಸ್ ಎಂಬ ಸಂಸ್ಥೆಯೊಡನೆ ಕಲ್ಪಿಸಲಾಯಿತು. ಫಿಲ್ಮ್ ಸ್ಲೈಡುಗಳ ಕಾಲ ಮುಗಿದ ಮೇಲೆ ಅದೇ ಹೆಸರಿನ ಸಂಸ್ಥೆ ಪವರ್‌ಪಾಯಿಂಟ್ ಕಡತಗಳಿಂದ ವೈಜ್ಞಾನಿಕ ಪೋಸ್ಟರ್‌ಗಳನ್ನು ಮುದ್ರಿಸುವ ವ್ಯವಹಾರಕ್ಕೆ ಇಳಿದದ್ದು ಸ್ವಾರಸ್ಯಕರ ಸಂಗತಿ.

ಸಂಶೋಧನೆಯನ್ನು ಭಾಷಣದ ಬದಲು ಗೋಡೆಗೆ ಅಂಟಿಸಿ ವಿವರಿಸುವ ಪದ್ಧತಿ ಯುರೋಪಿನಲ್ಲಿ 1960ರ ದಶಕದ ಕೊನೆಗೂ ಅಮೆರಿಕದಲ್ಲಿ 1970ರ ದಶಕದಲ್ಲಿಯೂ ಬೇರೂರಿತು. ಪ್ರಬಂಧಗಳ ಸಂಖ್ಯೆ ಬೆಳೆದು, ಎಲ್ಲರಿಗೂ ವೇದಿಕೆಯ ಮೇಲೆ ಹತ್ತು ನಿಮಿಷ ಕೊಡಲಾಗದ ಸ್ಥಿತಿಯೇ ಅದಕ್ಕೆ ಕಾರಣ. ಆರಂಭದಲ್ಲಿ ಪೋಸ್ಟರ್ ಎಂದರೆ ಟೈಪು ಮಾಡಿದ ಹತ್ತಾರು ಬಿಡಿ ಹಾಳೆಗಳನ್ನು ಬಣ್ಣದ ರಟ್ಟಿನ ಮೇಲೆ ಅಂಟಿಸಿ, ಫಲಕಕ್ಕೆ ಗುಂಡುಪಿನ್ನಿನಿಂದ ಚುಚ್ಚಿದ ಜೋಡಣೆಯಾಗಿತ್ತು. ಸೂಕ್ಷ್ಮ ರಂಧ್ರಗಳಿಂದ ಶಾಯಿಯ ಹನಿಗಳನ್ನು ಚಿಮ್ಮಿಸುವ ಇಂಕ್‌ಜೆಟ್ ತಂತ್ರ ಅಗಲವಾದ ಸುರುಳಿ ಕಾಗದಕ್ಕೆ ಒಗ್ಗಿದ ಮೇಲೆ, ಅಂದರೆ 1991ರಲ್ಲಿ ಹ್ಯೂಲೆಟ್-ಪ್ಯಾಕರ್ಡ್‌ನ ಡಿಸೈನ್‌ಜೆಟ್ ಮಾದರಿಯ ಯಂತ್ರಗಳು ಎಂಜಿನಿಯರುಗಳ ನಕ್ಷೆಗಳಿಗಾಗಿ ಬಂದು, ಮುಂದೆ ಬಣ್ಣವನ್ನೂ ಕಲಿತ ಮೇಲೆ, ಇಡೀ ಪೋಸ್ಟರನ್ನು ಒಂದೇ ಹಾಳೆಯಲ್ಲಿ ಮುದ್ರಿಸುವುದು ಸಾಮಾನ್ಯರ ಕೈಗೆಟುಕಿತು. ವಿನ್ಯಾಸಕ್ಕೆ ಯಾವ ತಂತ್ರಾಂಶ ಎಂಬ ಪ್ರಶ್ನೆಗೆ ಉತ್ತರ ಅಷ್ಟರಲ್ಲಿ ಎಲ್ಲರ ಗಣಕದಲ್ಲೂ ಇತ್ತು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ನಿರ್ಧಾರವಾಗಬೇಕಾದದ್ದು ಪುಟದ ಅಳತೆ. ಸಮ್ಮೇಳನಗಳು ಸಾಮಾನ್ಯವಾಗಿ ಕೇಳುವ ಎ0 ಎಂಬ ಅಳತೆ 841 ಮಿ.ಮೀ. ಅಗಲ, 1189 ಮಿ.ಮೀ. ಎತ್ತರದ್ದು, ಅದರ ವಿಸ್ತೀರ್ಣ ಒಂದು ಚದರ ಮೀಟರ್. ವಾಲ್ಟರ್ ಪೋರ್ಸ್ಟ್‌ಮನ್ ರೂಪಿಸಿ, 1922ರಲ್ಲಿ ಜರ್ಮನಿಯ ಮಾನಕವಾಗಿ ಬಂದ ಈ ಶ್ರೇಣಿಯಲ್ಲಿ ಉದ್ದ-ಅಗಲಗಳ ಅನುಪಾತ ಎರಡರ ವರ್ಗಮೂಲಕ್ಕೆ, ಅಂದರೆ ಸುಮಾರು 1.414ಕ್ಕೆ ಸಮ. ಹಾಳೆಯನ್ನು ಮಧ್ಯದಲ್ಲಿ ಮಡಿಸಿದರೂ ಅನುಪಾತ ಬದಲಾಗದಿರುವುದೇ ಇದರ ಗುಣ. ಆದ್ದರಿಂದ ಎ0 ಹಾಳೆ ನಾಲ್ಕು ಬಾರಿ ಮಡಿಸಿದರೆ ಕಚೇರಿಗಳಲ್ಲಿ ಬಳಸುವ ಎ4 ಆಗುತ್ತದೆ. ಪವರ್‌ಪಾಯಿಂಟ್ ತೆರೆದೊಡನೆ ಸಿಗುವ ಸ್ಲೈಡು ಮಾತ್ರ 13.33 ಇಂಚು ಅಗಲ, 7.5 ಇಂಚು ಎತ್ತರದ್ದಾಗಿದ್ದು, ಅದರ ಅನುಪಾತ ಟಿವಿ ಪರದೆಯ 16:9. ಇದರಲ್ಲೇ ವಿನ್ಯಾಸ ಮುಗಿಸಿ ಎ0 ಹಾಳೆಗೆ ಅಡ್ಡಲಾಗಿ ಹಿಗ್ಗಿಸಿದರೆ, 841 ಮಿ.ಮೀ. ಎತ್ತರದಲ್ಲಿ ಸುಮಾರು 172 ಮಿ.ಮೀ. ಖಾಲಿ ಉಳಿಯುತ್ತದೆ. ಎಲ್ಲ ಜೋಡಿಸಿಯಾದ ಮೇಲೆ ಸ್ಲೈಡಿನ ಅಳತೆ ಬದಲಿಸಹೊರಟರೆ ತಂತ್ರಾಂಶ ಪಠ್ಯವನ್ನೂ ಚಿತ್ರಗಳನ್ನೂ ತನ್ನ ಲೆಕ್ಕದಂತೆ ಸರಿಸಿ, ಕುಗ್ಗಿಸಿ, ಹೊಸದಾಗಿ ಕೂರಿಸುವ ಕೆಲಸವನ್ನು ಹೊರಿಸುತ್ತದೆ. ಒಂದಕ್ಷರ ಬರೆಯುವ ಮೊದಲೇ ಸ್ಲೈಡಿನ ಅಳತೆಯನ್ನು 84.1 ಮತ್ತು 118.9 ಸೆಂ.ಮೀ. ಎಂದು ನಮೂದಿಸುವುದು ಒಂದು ನಿಮಿಷದ ಕೆಲಸ.

ತಂತ್ರಾಂಶಕ್ಕೆ ಅದರದೇ ಮಿತಿಯೂ ಉಂಟು. ಪವರ್‌ಪಾಯಿಂಟ್‌ನ ಸ್ಲೈಡು ಯಾವ ಬದಿಯಲ್ಲೂ 56 ಇಂಚು ಮೀರುವಂತಿಲ್ಲ. ಎ0 ಪೋಸ್ಟರಿನ ಉದ್ದನೆಯ ಬದಿ 46.8 ಇಂಚಾದ್ದರಿಂದ ಅದು ಒಳಗೇ ಅಡಗುತ್ತದೆ. ಆರು ಅಡಿಗೆ ನಾಲ್ಕು ಅಡಿಯ ಫಲಕ ಬೇಕಾದರೆ ಮೂರಕ್ಕೆ ಎರಡು ಅಡಿಯ ಸ್ಲೈಡಿನಲ್ಲಿ ವಿನ್ಯಾಸ ಮಾಡಿ, ಮುದ್ರಿಸುವಾಗ ಇಮ್ಮಡಿಗೊಳಿಸಬೇಕು. ಆಗ ಸ್ಲೈಡಿನಲ್ಲಿ 12 ಪಾಯಿಂಟ್ ಇದ್ದ ಅಕ್ಷರ ಗೋಡೆಯ ಮೇಲೆ 24 ಪಾಯಿಂಟ್ ಆಗುತ್ತದೆ. ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. ನಮ್ಮ ಊರುಗಳಲ್ಲಿ ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಅಳತೆಯ ಭಾಷಾಭೇದ: ಸಮ್ಮೇಳನ ಎ0 ಎನ್ನುತ್ತದೆ, ತಂತ್ರಾಂಶ ಇಂಚು ಎನ್ನುತ್ತದೆ, ಫ್ಲೆಕ್ಸ್ ಅಂಗಡಿ ಚದರ ಅಡಿಯಲ್ಲಿ ಲೆಕ್ಕ ಹಾಕುತ್ತದೆ. ಅಂಗಡಿಯಲ್ಲಿ ಎ0 ಹಾಳೆಯನ್ನು ‘ಮೂರಕ್ಕೆ ನಾಲ್ಕು’ ಎಂದು ದುಂಡಾಗಿಸಿ ಕಡತವನ್ನು ಆ ಚೌಕಟ್ಟಿಗೆ ತುಂಬಿಸಿಬಿಟ್ಟರೆ, ಎತ್ತರಕ್ಕಿಂತ ಅಗಲ ಶೇ 6ರಷ್ಟು ಹೆಚ್ಚು ಹಿಗ್ಗಿ, ಸಂಸ್ಥೆಯ ದುಂಡನೆಯ ಲಾಂಛನ ಮೊಟ್ಟೆಯಾಕಾರ ತಳೆಯುತ್ತದೆ. ಅಗಲ-ಎತ್ತರಗಳನ್ನು ಮಿಲಿಮೀಟರಿನಲ್ಲಿ ಬರೆದುಕೊಟ್ಟು, ಹಿಗ್ಗಿಸದೆ ಮುದ್ರಿಸಿ ಎಂದು ಹೇಳುವುದು ಇದಕ್ಕಿರುವ ಪರಿಹಾರ. 36 ಇಂಚಿನ, ಅಂದರೆ 914 ಮಿ.ಮೀ. ಅಗಲದ ಸುರುಳಿಯಲ್ಲಿ ಎ0 ನಿರಾಯಾಸವಾಗಿ ಕೂರುತ್ತದೆ.

ಎರಡನೆಯ ತೊಡಕು ಚಿತ್ರಗಳದು. ಛಾಯಾಚಿತ್ರವೆಂದರೆ ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳ ಒಂದು ನಿಶ್ಚಿತ ಸಂಖ್ಯೆ; ಚಿತ್ರವನ್ನು ಹಿಗ್ಗಿಸಿದಾಗ ಚುಕ್ಕಿಗಳ ಸಂಖ್ಯೆ ಬೆಳೆಯದೆ, ಅವುಗಳ ಗಾತ್ರ ಮಾತ್ರ ಬೆಳೆಯುತ್ತದೆ. ಪುಸ್ತಕದ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂಬ ನಿಯಮದ ಹಿಂದೆ ಕಣ್ಣಿನ ಸಾಮರ್ಥ್ಯದ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವನ್ನು ಗುರುತಿಸಬಲ್ಲದು. ಸುಮಾರು 30 ಸೆಂ.ಮೀ. ದೂರದಿಂದ ಓದುವಾಗ ಆ ಅಂತರ ಇಂಚಿಗೆ ಹೆಚ್ಚುಕಡಿಮೆ 290 ಚುಕ್ಕಿಗಳಿಗೆ ಸಮ. ದೂರ ನಾಲ್ಕು ಪಟ್ಟಾದರೆ ಬೇಕಾಗುವ ಚುಕ್ಕಿಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಪೋಸ್ಟರನ್ನು ಒಂದು ಮೀಟರಿನಷ್ಟು ದೂರದಿಂದ ನೋಡುತ್ತಾರಾದರೂ, ಆಸಕ್ತರು ಹತ್ತಿರಕ್ಕೆ ಬಾಗುವುದೂ ಉಂಟು. ಹಾಗಾಗಿ ಇಂಚಿಗೆ 150 ಪಿಕ್ಸೆಲ್ ಎಂಬ ಲೆಕ್ಕ ಸಾಕಷ್ಟು ಸುರಕ್ಷಿತ. ಇಡೀ ಎ0 ಹಾಳೆಗೆ 300ರ ಲೆಕ್ಕದಲ್ಲಿ ಸುಮಾರು 13.9 ಕೋಟಿ ಪಿಕ್ಸೆಲ್ ಬೇಕಾದರೆ, 150ರ ಲೆಕ್ಕದಲ್ಲಿ 3.5 ಕೋಟಿ ಸಾಕು.

ಈ ಲೆಕ್ಕವನ್ನು ಕೈಯಲ್ಲಿರುವ ಚಿತ್ರಗಳಿಗೆ ಅನ್ವಯಿಸಿದರೆ ಅವುಗಳ ಯೋಗ್ಯತೆ ತಿಳಿಯುತ್ತದೆ. 4000 ಪಿಕ್ಸೆಲ್ ಅಗಲದ ಮೊಬೈಲ್ ಛಾಯಾಚಿತ್ರವನ್ನು 26 ಇಂಚಿಗೂ ಮೀರಿ ಹಿಗ್ಗಿಸಬಹುದು; ಅದೇ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಹಾದು ಬಂದು ಸುಮಾರು 1600 ಪಿಕ್ಸೆಲ್‌ಗೆ ಇಳಿದಿದ್ದರೆ 10-11 ಇಂಚಿಗೇ ಅದರ ಶಕ್ತಿ ಮುಗಿಯುತ್ತದೆ. ಜಾಲತಾಣದಿಂದ ನಕಲಿಸಿಕೊಂಡ 200 ಪಿಕ್ಸೆಲ್‌ನ ಲಾಂಛನ ಒಂದೂಕಾಲು ಇಂಚು ದಾಟಿದರೆ ಮಂಕಾಗುತ್ತದೆ. ಪೋಸ್ಟರಿನ ಅತ್ಯಂತ ಮೇಲೆ, ಅತ್ಯಂತ ದೊಡ್ಡದಾಗಿ ನಿಲ್ಲುವ ಚಿತ್ರ ಬಹುತೇಕ ಇದೇ ಆಗಿರುವುದು ದುರದೃಷ್ಟಕರ. ಇನ್ನು ಪವರ್‌ಪಾಯಿಂಟ್, ಕಡತದ ಗಾತ್ರ ಉಳಿಸುವ ಸಲುವಾಗಿ, ಚಿತ್ರಗಳನ್ನು ತಾನಾಗಿಯೇ ಇಂಚಿಗೆ 220 ಪಿಕ್ಸೆಲ್‌ನಂಥ ಮಟ್ಟಕ್ಕೆ ಇಳಿಸುವ ಏರ್ಪಾಟು ಹೊಂದಿದೆ. ಪೂರ್ಣ ಅಳತೆಯ ಸ್ಲೈಡಿನಲ್ಲಿ ಇದರಿಂದ ಹಾನಿಯಿಲ್ಲ. ಅರ್ಧ ಅಳತೆಯಲ್ಲಿ ವಿನ್ಯಾಸ ಮಾಡಿದಾಗ 220 ಎಂಬುದು ಗೋಡೆಯ ಮೇಲೆ 110 ಆಗುವುದರಿಂದ, ಆಯ್ಕೆಗಳ ಪಟ್ಟಿಯಲ್ಲಿ ಈ ಸಂಕೋಚನವನ್ನು ಮೊದಲೇ ನಿಲ್ಲಿಸಬೇಕು. ನಕ್ಷೆ, ಸ್ತಂಭಾಲೇಖ, ಲಾಂಛನಗಳಿಗೆ ವೆಕ್ಟರ್ ರೂಪವೇ ಮೇಲು. ವೆಕ್ಟರ್ ಚಿತ್ರದಲ್ಲಿ ರೇಖೆಗಳು ಗಣಿತದ ಸೂತ್ರಗಳಾಗಿ ದಾಖಲಾಗಿರುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗದು. ಎಕ್ಸೆಲ್‌ನ ಆಲೇಖವನ್ನು ಪರದೆಯಿಂದ ಸ್ಕ್ರೀನ್‌ಶಾಟ್ ತೆಗೆದು ಅಂಟಿಸುವವರು ಈ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಅಕ್ಷರದ ಗಾತ್ರಕ್ಕೆ ಸರಳವಾದ ಪರೀಕ್ಷೆಯೊಂದಿದೆ. ಎ0 ವಿನ್ಯಾಸವನ್ನು ಎ4 ಹಾಳೆಗೆ ಕುಗ್ಗಿಸಿ ಮುದ್ರಿಸಿದರೆ ಉದ್ದ-ಅಗಲಗಳೆರಡೂ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತವೆ. 24 ಪಾಯಿಂಟಿನ ಅಕ್ಷರ 6 ಪಾಯಿಂಟ್ ಆಗುತ್ತದೆ. ಈ ಹಾಳೆಯನ್ನು 30 ಸೆಂ.ಮೀ. ದೂರದಲ್ಲಿ ಹಿಡಿದು ಓದುವುದು ಮೂಲ ಪೋಸ್ಟರನ್ನು 1.2 ಮೀಟರ್ ದೂರದಿಂದ ಓದುವುದಕ್ಕೆ ಸಮ. ಎ4ರಲ್ಲಿ ಕಷ್ಟಪಟ್ಟು ಓದಬೇಕಾದದ್ದನ್ನು ಮೇಳದ ಜನಜಂಗುಳಿಯಲ್ಲಿ ಯಾರೂ ಓದಲಾರರು. ಪಠ್ಯಕ್ಕೆ 24 ಪಾಯಿಂಟ್ ಎಂಬುದು ಕನಿಷ್ಠ ಮಿತಿ, 32 ಹಿತಕರ. ಶೀರ್ಷಿಕೆಗೆ 90ಕ್ಕಿಂತ ಕಡಿಮೆ ಸಲ್ಲದು. ಪಠ್ಯ ಹಿಡಿಸದಿದ್ದಾಗ ಅಕ್ಷರ ಕುಗ್ಗಿಸುವ ಬದಲು ಮಾತನ್ನೇ ಕುಗ್ಗಿಸಬೇಕೆಂಬ ವಾದಕ್ಕೆ 2019ರಲ್ಲಿ ಹೊಸ ಬಲ ಬಂತು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೈಕ್ ಮಾರಿಸನ್, ಮುಖ್ಯ ಫಲಿತಾಂಶವನ್ನು ಆಡುಮಾತಿನ ಒಂದೇ ವಾಕ್ಯದಲ್ಲಿ ಪೋಸ್ಟರಿನ ನಡುಭಾಗದ ತುಂಬ ಬರೆದು, ವಿವರಗಳನ್ನು ಅಕ್ಕಪಕ್ಕದ ಕಿರಿದಾದ ಪಟ್ಟಿಗಳಿಗೂ ಪೂರ್ಣ ಪ್ರಬಂಧವನ್ನು ಕ್ಯುಆರ್ ಕೋಡಿಗೂ ಬಿಡುವ ಮಾದರಿಯನ್ನು ಒಂದು ವಿಡಿಯೊ ಮೂಲಕ ಪ್ರಚುರಪಡಿಸಿದರು. ಅರ್ಧ ಹಾಳೆಯನ್ನು ಒಂದು ವಾಕ್ಯಕ್ಕೆ ಕೊಟ್ಟರೆ ಪುರಾವೆ ನೋಡುವುದೆಲ್ಲಿ ಎಂಬ ಆಕ್ಷೇಪ ತಜ್ಞರ ಸಭೆಗಳ ಮಟ್ಟಿಗೆ ನ್ಯಾಯವಾದದ್ದೇ. ಕೃಷಿ ಮೇಳದಂಥ ಜಾಗದಲ್ಲಿ, ಯಾವ ತಳಿ, ಎಕರೆಗೆ ಎಷ್ಟು ಬೀಜ, ಯಾವ ತಿಂಗಳಲ್ಲಿ ಬಿತ್ತನೆ ಎಂದು ತಿಳಿಯಲು ಬಂದ ರೈತನಿಗೆ ಮಾತ್ರ ಈ ಮಾದರಿಯೇ ಸರಿ. ‘ಸಂಶೋಧನಾ ವಿಧಾನ’ ಎಂಬ ಉಪಶೀರ್ಷಿಕೆಯ ಕೆಳಗಿನ ಮೂರು ಪ್ಯಾರಾಗಳು ಅವನ ಉಪಯೋಗಕ್ಕೆ ಬರುವುದಿಲ್ಲ.

ಕನ್ನಡದ ಪೋಸ್ಟರಿಗೆ ಬಂದಾಗ ಅಕ್ಷರದ ಪ್ರಶ್ನೆ ಗಾತ್ರದಲ್ಲಿ ಮುಗಿಯುವುದಿಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ, ಸ್ವರಚಿಹ್ನೆಗಳು ತಲೆಯ ಮೇಲಕ್ಕೂ ಬಲಕ್ಕೂ ಚಾಚುತ್ತವೆ. ‘ರಾಷ್ಟ್ರೀಯ’, ‘ಶಸ್ತ್ರಚಿಕಿತ್ಸೆ’ ಮುಂತಾದ ಪದಗಳಲ್ಲಿ ಎರಡೆರಡು ಒತ್ತುಗಳು ಸೇರಿ ಇನ್ನಷ್ಟು ಜಾಗ ಬೇಡುತ್ತವೆ. ಒಂದೇ ಪಾಯಿಂಟ್ ಗಾತ್ರದಲ್ಲಿ ಈ ಎಲ್ಲವನ್ನೂ ಹಿಡಿಸಬೇಕಾದ್ದರಿಂದ ಮೂಲಾಕ್ಷರದ ಮೈ ಚಿಕ್ಕದಾಗಿಯೇ ಉಳಿದು, ಪಕ್ಕದ ಇಂಗ್ಲಿಷ್ ಅಕ್ಷರಕ್ಕಿಂತ ಕಿರಿದಾಗಿ ಕಾಣುವುದುಂಟು. ಕನ್ನಡಕ್ಕೆ ಎರಡು-ಮೂರು ಪಾಯಿಂಟ್ ಹೆಚ್ಚು ಕೊಡುವುದು ವಿವೇಕ. ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂಬ ಆಯ್ಕೆಯಲ್ಲಿ ಬಿಗಿಗೊಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದರ ಬದಲು ‘ಮಲ್ಟಿಪಲ್’ ಆಯ್ಕೆಯಲ್ಲಿ 1.1 ಅಥವಾ 1.2ರಂತೆ ಕೊಟ್ಟು, ಒತ್ತು ಹೆಚ್ಚಿರುವ ಸಾಲೊಂದನ್ನು ಕಣ್ಣಿಂದ ನೋಡಿ ತೀರ್ಮಾನಿಸಬೇಕು. ದಪ್ಪ ರೂಪವಿಲ್ಲದ ಫಾಂಟಿಗೆ ಬೋಲ್ಡ್ ಗುಂಡಿ ಒತ್ತಿದರೆ ತಂತ್ರಾಂಶ ಅಕ್ಷರದ ಅಂಚನ್ನು ಕೃತಕವಾಗಿ ದಪ್ಪಗೊಳಿಸಿ, ಅಕ್ಷರದೊಳಗಿನ ಸಣ್ಣ ಖಾಲಿ ಜಾಗಗಳನ್ನು ಮುಚ್ಚಿಬಿಡುತ್ತದೆ. ನೋಟೊ ಸಾನ್ಸ್ ಕನ್ನಡದಂತೆ ದಪ್ಪ ರೂಪವನ್ನು ಪ್ರತ್ಯೇಕವಾಗಿಯೇ ಕಡೆದಿರುವ ಫಾಂಟುಗಳಲ್ಲಿ ಈ ಕಾಟವಿಲ್ಲ.

ಇದಕ್ಕಿಂತ ಆಳವಾದದ್ದು ಸಂಕೇತದ ಸಮಸ್ಯೆ. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದ್ದು, ಪ್ರತಿ ಸ್ವರ-ವ್ಯಂಜನಕ್ಕೂ ತನ್ನದೇ ಸಂಖ್ಯೆಯಿದೆ. ಅವು ಸೇರಿ ಗುಣಿತ, ಒತ್ತು, ಅರ್ಕಾವೊತ್ತುಗಳಾಗುವ ನಿಯಮ ಫಾಂಟಿನೊಳಗೆ ಇರುತ್ತದೆ. ಇದಕ್ಕೂ ಹಿಂದಿನ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರ ಬರಹ, ಡಿಟಿಪಿ ಕೇಂದ್ರಗಳ ಅಚ್ಚುಮೆಚ್ಚಿನ ಶ್ರೀಲಿಪಿ ಇವೆಲ್ಲವುಗಳ ಹಳೆಯ ಫಾಂಟುಗಳು ಈ ಬಗೆಯವು; ನಾಡಿನಲ್ಲಿ ಕನ್ನಡ ಮುದ್ರಣವನ್ನು ಗಣಕಕ್ಕೆ ತಂದ ಶ್ರೇಯದಲ್ಲಿ ಇವಕ್ಕೂ ಪಾಲಿದೆ. ಆದರೆ ಇಂಥ ಫಾಂಟಿನಲ್ಲಿ ಟೈಪಿಸಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದಾಗ ಪಠ್ಯವೆಲ್ಲ ಅರ್ಥವಿಲ್ಲದ ರೋಮನ್ ಲಿಪಿಯ ಗೋಜಲಾಗುತ್ತದೆ. ಯೂನಿಕೋಡಿನಲ್ಲಿ ಬರೆದವರೂ ಪೂರ್ತಿ ನಿಶ್ಚಿಂತರಲ್ಲ. ವಿಂಡೋಸ್‌ನ ನಿರ್ಮಲಾ ಯುಐನಲ್ಲಿ ರಚಿಸಿದ್ದು ಆ ಫಾಂಟಿಲ್ಲದ ಗಣಕದಲ್ಲಿ ಬೇರೆ ಫಾಂಟಿಗೆ ಬದಲಾಗಿ ಸಾಲುಗಳು ಚೌಕಟ್ಟಿನಿಂದ ಹೊರಚೆಲ್ಲುತ್ತವೆ. ಕೆಲವು ಅಂಗಡಿಗಳಲ್ಲಿರುವ ಫೋಟೊಶಾಪ್, ಕೋರಲ್‌ಡ್ರಾಗಳ ಹಳೆಯ ಆವೃತ್ತಿಗಳಿಗೆ ಅಕ್ಷರ ಕೂಡಿಸುವ ನಿಯಮವೇ ತಿಳಿಯದೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಆದ್ದರಿಂದ ಅಂಗಡಿಗೆ ಒಯ್ಯಬೇಕಾದದ್ದು ಪಿಡಿಎಫ್ ಕಡತ. ಅಕ್ಷರಗಳ ಆಕಾರವನ್ನು ತನ್ನೊಳಗೇ ಹೊತ್ತೊಯ್ಯುವ ಪಿಡಿಎಫ್, ಯಾವ ಗಣಕದಲ್ಲಿ ತೆರೆದರೂ ಒಂದೇ ರೀತಿ ಕಾಣುತ್ತದೆ. ಪವರ್‌ಪಾಯಿಂಟ್‌ನಲ್ಲಿ ಪಿಡಿಎಫ್ ತೆಗೆಯುವಾಗ ಕನಿಷ್ಠ ಗಾತ್ರದ ಆಯ್ಕೆಯನ್ನು ಬಿಟ್ಟು, ಮುದ್ರಣಕ್ಕೆ ತಕ್ಕ ‘ಸ್ಟ್ಯಾಂಡರ್ಡ್’ ಆಯ್ಕೆಯನ್ನು ಹಿಡಿಯಬೇಕು. ಸ್ಲೈಡನ್ನು ನೇರವಾಗಿ ಚಿತ್ರವಾಗಿ ಉಳಿಸಿದರೆ ಅದು ಇಂಚಿಗೆ 96 ಪಿಕ್ಸೆಲ್‌ನಷ್ಟೇ ಸ್ಫುಟತೆಯಲ್ಲಿ ಹೊರಬರುವ ಸಂಭವವಿದ್ದು, ಸಣ್ಣ ಅಕ್ಷರಗಳು ಹದಗೆಡುತ್ತವೆ. ಪಿಡಿಎಫ್ ಕೊಟ್ಟ ಮೇಲೂ ಅಂಗಡಿಯವರು ಅದನ್ನು ಕೋರಲ್‌ಡ್ರಾದಲ್ಲಿ ತೆರೆಯುವುದಿದ್ದರೆ ಪಠ್ಯವನ್ನು ‘ಕರ್ವ್ಸ್’ ರೂಪದಲ್ಲಿ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳೆಂದು ಪರಿಗಣಿಸಿ ತೆರೆಯಬೇಕೆಂದು ಕೇಳಿಕೊಳ್ಳುವುದು ಅಗತ್ಯ.

ಬಣ್ಣದ ವಿಷಯದಲ್ಲಿ ಸ್ವಲ್ಪ ನಿರಾಶೆಗೆ ಸಿದ್ಧರಿರಬೇಕು. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ. ಮುದ್ರಕವು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಗಳಿಂದ ಕಾಗದದ ಬಿಳುಪನ್ನು ಕಳೆಯುತ್ತಾ ಹೋಗುತ್ತದೆ. ಬೆಳಕಿನಿಂದ ಸಾಧ್ಯವಾಗುವ ಹೊಳೆಯುವ ನೀಲಿ, ಎಳೆ ಹಸಿರುಗಳಲ್ಲಿ ಹಲವು ಶಾಯಿಗೆ ನಿಲುಕುವುದಿಲ್ಲ. ಕಡುನೀಲಿ ನೇರಳೆಯತ್ತ ವಾಲುವುದು ಎಲ್ಲರ ಅನುಭವ. ಪವರ್‌ಪಾಯಿಂಟ್ ಬೆಳಕಿನ ಬಣ್ಣಗಳಲ್ಲಷ್ಟೇ ಯೋಚಿಸಬಲ್ಲದಾದ್ದರಿಂದ, ಶಾಯಿಗೆ ಪರಿವರ್ತಿಸುವ ಕೆಲಸ ಮುದ್ರಕಕ್ಕೆ ಜೋಡಿಸಿದ ರಿಪ್ ಎಂಬ ತಂತ್ರಾಂಶದ ಪಾಲಿಗೆ ಬರುತ್ತದೆ. ಕನ್ನಡ ಬಾವುಟದ ಹಳದಿ-ಕೆಂಪುಗಳು ಈ ಪರಿವರ್ತನೆಯಲ್ಲಿ ಹೆಚ್ಚು ನರಳುವುದಿಲ್ಲ, ಏಕೆಂದರೆ ಹಳದಿ ಸ್ವತಃ ಒಂದು ಶಾಯಿ, ಕೆಂಪು ಹಳದಿ-ಮಜೆಂಟಾಗಳ ಮಿಶ್ರಣ. ಬಿಳಿಯ ಮೇಲೆ ಹಳದಿ ಅಕ್ಷರ ಬರೆಯುವುದು ಮಾತ್ರ ಯಾವ ಯಂತ್ರದಲ್ಲೂ ತಪ್ಪೇ. ಹಿನ್ನೆಲೆಯಿಡೀ ಕಡುಬಣ್ಣ ತುಂಬುವ ಸ್ಲೈಡಿನ ಚಾಳಿಯನ್ನೂ ಇಲ್ಲಿ ಬಿಡಬೇಕು; ಶಾಯಿ ಹೀರಿದ ಕಾಗದ ಅಲೆಯಲೆಯಾಗುತ್ತದೆ, ಮಡಿಕೆಯ ಗೆರೆ ಬಿಳಿಯಾಗಿ ಎದ್ದು ಕಾಣುತ್ತದೆ.

ಮಾಧ್ಯಮದ ಆಯ್ಕೆಯಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಹೊಳಪು ಕಾಗದ ಟ್ಯೂಬ್‌ಲೈಟಿನ ಬೆಳಕನ್ನು ಪ್ರತಿಫಲಿಸಿ ಓದಿಗೆ ಅಡ್ಡಿಯಾಗುವುದರಿಂದ ಮ್ಯಾಟ್ ಕಾಗದ ಒಳ್ಳೆಯದು. ದೂರ ಪ್ರಯಾಣಕ್ಕೆ ಮಡಿಸಿ ಚೀಲದಲ್ಲಿಡಬಹುದಾದ ಬಟ್ಟೆಯ ಮೇಲಿನ ಮುದ್ರಣವಿದೆ. ನಿಲ್ಲಿಸಲು ಬೇಕಾದರೆ ಸನ್‌ಬೋರ್ಡಿಗೆ ವಿನೈಲ್ ಅಂಟಿಸುವ ಕ್ರಮವಿದೆ. ಅಗ್ಗವೆಂಬ ಕಾರಣಕ್ಕೆ ಮೊದಲು ನೆನಪಾಗುವ ಫ್ಲೆಕ್ಸ್, ಪಾಲಿಯೆಸ್ಟರ್ ಬಲೆಯ ಮೇಲೆ ಪಿವಿಸಿ ಲೇಪಿಸಿದ ಪ್ಲಾಸ್ಟಿಕ್ ಹಾಳೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿರುವಾಗ, ಪರಿಸರ ಸಂಕಿರಣಗಳ ಬಾಗಿಲಲ್ಲೇ ಫ್ಲೆಕ್ಸ್ ಕಾಣಿಸುವುದು ಸಂಘಟಕರಿಗೆ ಶೋಭೆ ತರುವ ಸಂಗತಿಯಲ್ಲ.

ಶಾಯಿಯ ಬಣ್ಣಗಳ ಮೇಲೆ ಪೂರ್ಣ ಹಿಡಿತ ಬೇಕಾದವರು ಉಚಿತವಾಗಿಯೇ ದೊರೆಯುವ ಸ್ಕ್ರೈಬಸ್ ಕಲಿಯುವುದು, ನಕ್ಷೆಗಳನ್ನು ಹೆಚ್ಚಾಗಿ ಬಳಸುವವರು ಇಂಕ್‌ಸ್ಕೇಪ್ ಕಲಿಯುವುದು ಲಾಭಕರ. ವರ್ಷಕ್ಕೊಂದೆರಡು ಪೋಸ್ಟರ್ ಮಾಡುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪ್ರೆಸೆಂಟೇಶನ್ ತಂತ್ರಾಂಶವೇ ಸಾಕು. ಅವರು ಮುದ್ರಣವನ್ನು ಸಮ್ಮೇಳನದ ಹಿಂದಿನ ಸಂಜೆಗೆ ದೂಡದೆ, ಒಂದೆರಡು ದಿನ ಮೊದಲೇ ಅಂಗಡಿಗೆ ಹೋಗಿ, ಶೀರ್ಷಿಕೆ, ಲಾಂಛನ ಮತ್ತು ಒಂದು ಪ್ಯಾರಾ ಕನ್ನಡ ಪಠ್ಯವಿರುವ ಅಡಿಯಗಲದ ಪಟ್ಟಿಯನ್ನು ಮೂಲ ಅಳತೆಯಲ್ಲೇ ಮುದ್ರಿಸಿ ನೋಡಿ, ಒತ್ತಕ್ಷರಗಳೂ ಬಣ್ಣವೂ ಸರಿಯಿದ್ದರೆ ಮಾತ್ರ ಪೂರ್ಣ ಹಾಳೆಗೆ ಒಪ್ಪಿಗೆ ಕೊಡಬೇಕು.